ಸೋತವರಿಗೇ ಅತ್ಯುತ್ತಮ ಆಟಗಾರ್ತಿ

ಜನವರಿ 6, ಮಂಗಳವಾರ

ಇಂದಿನಿಂದ ನಾನು ಫುಟ್‌ಬಾಲ್ ತಜ್ಞೆ. ಪ್ರಿನ್ಸಿಪಾಲರ ಕೋಣೆಗೆ ಹೋಗುವಾಗ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಒಂದು ಲೋಟ ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ನಾಲ್ಕು ತಾಲ್ಲೂಕುಗಳ ಕಾಲೇಜು ಮಹಿಳಾ ಫುಟ್‌ಬಾಲ್ ಪ್ರಶಸ್ತಿ ಆಯ್ಕೆ ಸಮಿತಿಯ ಸದಸ್ಯೆಯಾಗಿದ್ದೆ. ನ್ಯಾಮತಿಯಲ್ಲಿ ಇಷ್ಟು ಬೇಗ ಬಡ್ತಿ ಪಡೆದವರು ಇನ್ನೊಬ್ಬರಿಲ್ಲ.

"ಮೇಡಂ, ಫುಟ್‌ಬಾಲ್ ಬಗ್ಗೆ ನಿಮಗೇನಾರ ಗೊತ್ತೈತೇನ್ರಿ?" ಎಂದು ಪ್ರಿನ್ಸಿಪಾಲರು ಕೇಳಿದರು.

"ಚೆಂಡು ದುಂಡಗಿರುತ್ತೆ ಅನ್ನೋದು ಗೊತ್ತು ಸರ್."

"ಅಷ್ಟು ಸಾಕು. ಆಟ ಗೊತ್ತಿರೋರಿಗೆ ಪಕ್ಷಪಾತ ಇರ್ತೈತೆ. ನಿಮಗೆ ಆ ತೊಂದ್ರೆ ಇಲ್ಲ."

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕ ಪರಶುರಾಮ್ ಇರುವಾಗ ನಾನೇಕೆ ಎಂದರೆ, ಕಳೆದ ವರ್ಷ ಅವರು ರೆಫರಿಯ ಸೀಟಿಯನ್ನು ಕಿತ್ತು ಜೇಬಿಗಿಟ್ಟುಕೊಂಡು ಊರಿಗೆ ಬಂದುಬಿಟ್ಟಿದ್ದರಂತೆ. ಸೀಟಿ ಇನ್ನೂ ವಾಪಸ್ಸಾಗಿಲ್ಲ. ಹೀಗಾಗಿ ಅವರು ತಂಡವನ್ನು ಮಾತ್ರ ನೋಡಿಕೊಳ್ಳಬೇಕು, ನ್ಯಾಯವನ್ನು ನಾನು ನೋಡಿಕೊಳ್ಳಬೇಕು.

ಗೆದ್ದ ತಂಡಕ್ಕೆ ಕಪ್ಪು ಕೊಡುತ್ತಿರುವವರು ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು, ತೀರಿಹೋದ ತಾಯಿ ಅಂತರಘಟ್ಟಮ್ಮನವರ ನೆನಪಿಗೆ. ಆ ತಾಯಿ ಚೆಂಡು ಒದ್ದವರಲ್ಲ, ಒದೆಯುವವರನ್ನು ಕಂಡವರೂ ಅಲ್ಲ. ಆದರೆ ಖೋಖೋ ಕಪ್ಪನ್ನು ಅವರ ದಾಯಾದಿ ಮೊದಲೇ ಇಟ್ಟುಬಿಟ್ಟಿದ್ದರಿಂದ ಉಳಿದಿದ್ದು ಫುಟ್‌ಬಾಲ್.


ಜನವರಿ 10, ಶನಿವಾರ

ಚನ್ನಗಿರಿಯಲ್ಲಿ ಸಮಿತಿಯ ಮೊದಲ ಸಭೆ. ನಾಲ್ಕು ತಾಲ್ಲೂಕಿಗೆ ನಾಲ್ಕು ಜನ. ಚನ್ನಗಿರಿಯ ತಿಪ್ಪೇಶಪ್ಪನವರು ಸಂಚಾಲಕರು, ನಿವೃತ್ತಿಗೆ ಹತ್ತಿರ ಬಂದ ದೈಹಿಕ ನಿರ್ದೇಶಕರು. ಹೊನ್ನಾಳಿಯ ಶರಣು, ಕೈಯಿಂದ ಫೋನ್ ಇಳಿಸದ ಹುಡುಗ ವಯಸ್ಸಿನ ಮೇಷ್ಟ್ರು. ಜಗಳೂರಿನ ಭೀಮೇಶ್, ಅಲ್ಲಿನ ತಂಡದ ತರಬೇತುದಾರರೂ ಅವರೇ, ಮಾತು ಕಡಿಮೆ. ಆಮೇಲೆ ನಾನು, ನಿಷ್ಪಕ್ಷಪಾತದ ಮೂರ್ತಿ.

ಅತ್ಯುತ್ತಮ ಆಟಗಾರ್ತಿಯನ್ನು ಹೇಗೆ ಆರಿಸುತ್ತೀರಿ ಎಂದು ಮುಗ್ಧ ಪ್ರಶ್ನೆಯೊಂದನ್ನು ಕೇಳಿದೆ. ತಿಪ್ಪೇಶಪ್ಪನವರು ನನ್ನನ್ನು ಕನಿಕರದಿಂದ ನೋಡಿದರು.

"ಆರಿಸೋದೇನ್ ಬಂತು ಮೇಡಂ? ಪದ್ಧತಿ ಐತೆ. ಗೆದ್ದೋರಿಗೆ ಕಪ್ಪು. ಫೈನಲ್‌ನಾಗೆ ಸೋತೋರಿಗೆ ಬೆಸ್ಟ್ ಪ್ಲೇಯರ್. ಮೂರನೇದೋರಿಗೆ ಬೆಸ್ಟ್ ಗೋಲ್‌ಕೀಪರ್. ನಾಲ್ಕನೇದೋರಿಗೆ ಉದಯೋನ್ಮುಖ ಆಟಗಾರ್ತಿ. ಯಾರೂ ಬರಿಗೈಲಿ ಹೋಗಬಾರ್ದು."

"ಗೆದ್ದವರಲ್ಲೇ ಅತ್ಯುತ್ತಮ ಆಟಗಾರ್ತಿ ಇದ್ದರೆ?"

"ಒಂದ್ಸಲ ಹಂಗೆ ಮಾಡಿದ್ವಿ. ಸೋತೋರು ಸ್ಟೇಜಿಗೇ ಬರಲಿಲ್ಲ, ಬಸ್ ಹತ್ತಿ ಹೋದ್ರು. ಅವರಿಗೆ ಅಂತ ಮಾಡಿಸಿದ್ದ ಮುದ್ದೆ ಊಟ ಹಂಗೇ ಉಳೀತು. ದಾನಿಗಳಿಗೆ ಭಾಳ ನೋವಾತು."

ಮುದ್ದೆ ಉಳಿಯದಿರಲಿ ಎಂಬುದೇ ಪ್ರಶಸ್ತಿಯ ತತ್ವ. ನಾಲ್ವರೂ ಸಹಿ ಹಾಕಿದರೆ ಮಾತ್ರ ಆಯ್ಕೆ ಊರ್ಜಿತ, ಒಬ್ಬರು ಹಾಕದಿದ್ದರೂ ಇಲ್ಲ. ನಾಳೆ ಯಾರೂ ತಕರಾರು ತೆಗೆಯಬಾರದಲ್ಲ. ಈ ವರ್ಷ ಇನ್ನೊಂದು ವಿಶೇಷವಿದೆ. ಅತ್ಯುತ್ತಮ ಆಟಗಾರ್ತಿ ನೇರವಾಗಿ ವಿಶ್ವವಿದ್ಯಾಲಯ ತಂಡದ ಶಿಬಿರಕ್ಕೆ ಹೋಗುತ್ತಾಳೆ. ನಾಲ್ಕು ತಾಲ್ಲೂಕಿನಿಂದ ಅವಳೊಬ್ಬಳೇ.

ನನಗೆ ತಡೆಯಲಾಗಲಿಲ್ಲ. "ಹಾಗಾದರೆ ಬರೆದೇ ಹಾಕಿಬಿಡಿ ಸರ್. ಸೋತವರಿಗೇ ಅತ್ಯುತ್ತಮ ಆಟಗಾರ್ತಿ ಅಂತ ನಿಯಮವನ್ನೇ ಮಾಡಿಬಿಡಿ. ನಮಗೂ ಆಟ ನೋಡೋ ಕಷ್ಟ ತಪ್ಪುತ್ತೆ," ಎಂದೆ.

ನಗುತ್ತಾರೆಂದು ಕಾದೆ. ತಿಪ್ಪೇಶಪ್ಪನವರು ಮೇಜು ತಟ್ಟಿದರು.

"ಇಷ್ಟು ವರ್ಷ ನಮ್ಮ ತಲೇಗೆ ಹೊಳೀಲಿಲ್ಲ ನೋಡ್ರಿ! ಓದಿದೋರು ಸಮಿತಿನಾಗೆ ಇರಬೇಕು ಅನ್ನೋದು ಇದಕ್ಕೇ."

ಶರಣು ಆಗಲೇ ಫೋನಿನಲ್ಲಿ ಟೈಪು ಮಾಡುತ್ತಿದ್ದ.


ಜನವರಿ 12, ಸೋಮವಾರ

ನಿಯಮ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ. ನಾಲ್ಕೂ ಕಾಲೇಜಿನ ಆಟಗಾರ್ತಿಯರು, ತರಬೇತುದಾರರು, ಪ್ರಿನ್ಸಿಪಾಲರು ಎಲ್ಲರೂ ಇರುವ ಗುಂಪು. ಕೆಳಗೆ ದಪ್ಪ ಅಕ್ಷರದಲ್ಲಿ, "ಸಲಹೆ: ಶ್ರೀಮತಿ ಸುನಿತಾ ಮೇಡಂ, ನ್ಯಾಮತಿ." ನಲವತ್ತೇಳು ಜನ ಕೈಮುಗಿದಿದ್ದಾರೆ. ಇಪ್ಪತ್ತು ವರ್ಷ ಪಾಠ ಹೇಳಿ ಇಷ್ಟು ಕೈಮುಗಿಸಿಕೊಂಡಿರಲಿಲ್ಲ.

ಅಮ್ಮನಿಗೆ ಹೇಳಿ ನಗೋಣವೆಂದರೆ ಅವಳು ನಗಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ನೀನು ಹೊಗಳಿದ್ರೂ ಬೈದಂಗೆ ಕೇಳ್ತೈತೆ, ಬೈದ್ರೂ ಹೊಗಳಿದಂಗೆ ಕೇಳ್ತೈತೆ. ಅವರೇನು ಮಾಡ್ಯಾರು ಪಾಪ," ಎಂದಳು. ನನ್ನ ಸಂಸಾರದಲ್ಲಿ ಹಾಸ್ಯಪ್ರಜ್ಞೆ ನನ್ನೊಬ್ಬಳಿಗೇ ಬಂದಿದೆ.


ಜನವರಿ 17, ಶನಿವಾರ

ಜಗಳೂರು. ಹೊನ್ನಾಳಿಯಲ್ಲಿ ಒಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು. ಮೈದಾನದಲ್ಲಿ ಹುಲ್ಲು ಎಂಬುದು ಗೋಲ್ ಕಂಬದ ಬುಡದಲ್ಲಿ ಮಾತ್ರ ಇತ್ತು, ಅದನ್ನೂ ಎರಡು ಕುರಿ ಮೇಯುತ್ತಿದ್ದವು. ಅವುಗಳನ್ನು ಎಬ್ಬಿಸಿದ ಮೇಲೆ ಪಂದ್ಯ ಶುರುವಾಯಿತು.

ಎರಡೂ ಕಡೆ ಹನ್ನೊಂದು ಹುಡುಗಿಯರನ್ನು ಹೊಂದಿಸುವುದೇ ಒಂದು ಸಾಧನೆ. ಹೊನ್ನಾಳಿಯ ಅರ್ಧ ತಂಡ ಕಬಡ್ಡಿಯವರದು. ಚೆಂಡು ಬಿಟ್ಟು ಎದುರಾಳಿಯ ಕಾಲು ಹಿಡಿಯುತ್ತಾರೆ. ಜಗಳೂರಿನವರು ಖೋಖೋದವರು, ಚೆಂಡು ಬಂದರೆ ಪಕ್ಕಕ್ಕೆ ತಪ್ಪಿಸಿಕೊಳ್ಳುತ್ತಾರೆ. ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ಶಿಸ್ತು, ಸಮವಸ್ತ್ರ, ಹಿರಿಯರಿಗೆ ಗೌರವ ಎಂದೆಲ್ಲ ಇದೆ. ಆಟಕ್ಕೆ ಮಾತ್ರ ಜಾಗ ಬಿಟ್ಟಿಲ್ಲ.

ಜಗಳೂರಿನ ಗೋಲ್‌ಕೀಪರ್ ಗಂಗೋತ್ರಿ ಎಂಬವಳು ಮಾತ್ರ ಯಾಕೋ ಇದನ್ನೆಲ್ಲ ನಿಜವಾದ ಆಟವೆಂದು ತಿಳಿದಂತಿತ್ತು. ಆ ಕಲ್ಲುನೆಲದ ಮೇಲೆ ಅಡ್ಡ ಬೀಳುತ್ತಾಳೆ. ಬಿದ್ದು ಎದ್ದು ಮೊಣಕೈ ಒರೆಸಿಕೊಂಡು ಮತ್ತೆ ಬೀಳುತ್ತಾಳೆ. ಇಷ್ಟು ಬೀಳುವುದಕ್ಕೆ ಹಾಳೆಯಲ್ಲಿ ಅಂಕವಿಲ್ಲವಲ್ಲ ತಾಯಿ ಎಂದುಕೊಂಡೆ. ಜಗಳೂರು ಒಂದು ಗೋಲಿನಿಂದ ಗೆದ್ದಿತು.


ಜನವರಿ 18, ಭಾನುವಾರ

ಆಫ್‌ಸೈಡ್ ಎಂದರೇನೆಂದು ಭೀಮೇಶರನ್ನು ಕೇಳಿದೆ. ಮೂರು ನೀರಿನ ಬಾಟಲಿ, ಒಂದು ಚಪ್ಪಲಿ ಇಟ್ಟು ತೋರಿಸಿದರು. ಅರ್ಥವಾಯಿತೆಂದು ತಲೆಯಾಡಿಸಿದೆ. ಚಪ್ಪಲಿ ನನ್ನದೇ.


ಜನವರಿ 22, ಗುರುವಾರ

ಸಮಯ ಕಳೆಯಲೆಂದು ಫೋನಿನಲ್ಲಿ ಒಂದೆರಡು ಪಂದ್ಯ ನೋಡಿದೆ. ಒಂದೆರಡು ಎಂದರೆ ಆರು. ಸಮಿತಿ ಸದಸ್ಯೆ ತೀರಾ ಪೆದ್ದಿಯಂತೆ ಕಾಣಬಾರದಲ್ಲ, ಅದಕ್ಕೆ.

ಒಂದು ವಿಚಿತ್ರ ನಿಯಮ ಗೊತ್ತಾಯಿತು. ತನ್ನದೇ ತಂಡದವರು ಕಾಲಿನಿಂದ ತನ್ನತ್ತ ಒದ್ದ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಎದುರಾಳಿ ಒದ್ದರೆ ಹಿಡಿಯಬಹುದು, ನಮ್ಮವರೇ ಒದ್ದರೆ ಕೈಕಟ್ಟಿದ ಹಾಗೆ. ಹಾಗಿದ್ದರೂ ಬರೀ ಕಾಲಿನಿಂದ ಹೇಗೆ ತಪ್ಪಿಸುತ್ತಾರೆಂದು ಅದನ್ನೇ ನಾಲ್ಕು ಸಲ ನೋಡಿದೆ. ಅಮ್ಮ ಬಂದು, "ಈ ಚೆಂಡಾಟ ನಿಮ್ಮ ಪರೀಕ್ಷೆನಾಗೆ ಬರ್ತೈತೇನೇ?" ಎಂದಳು. ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿಲ್ಲ.


ಜನವರಿ 25, ಭಾನುವಾರ

ಲೀಗ್ ಮುಗಿಯಿತು. ಫೈನಲ್ ಮುಂದಿನ ಭಾನುವಾರ ಹೊನ್ನಾಳಿಯಲ್ಲಿ, ನಮ್ಮ ನ್ಯಾಮತಿಗೂ ಜಗಳೂರಿಗೂ. ನಾವು ಹೇಗೆ ಬಂದೆವು ಎಂದರೆ ನಮ್ಮ ರಕ್ಷಣೆಗೆ ದುರ್ಗಾಂಬಿಕಾ ಇದ್ದಾಳೆ. ಸವಳಂಗದ ಹುಡುಗಿ, ಮೊದಲ ವರ್ಷದ ಬಿ.ಎ., ನನ್ನ ತರಗತಿಯಲ್ಲಿ ಎರಡನೇ ಬೆಂಚು. ನಾನೂ ಸವಳಂಗದವಳೇ, ಬೆಳಿಗ್ಗೆ ಒಂದೇ ಬಸ್ಸಿಗೆ ಬರುತ್ತೇವೆ. ಸಂವಿಧಾನದ ಪೀಠಿಕೆ ಕೇಳಿದರೆ ತಲೆ ತಗ್ಗಿಸುತ್ತಾಳೆ, ಚೆಂಡು ಕಂಡರೆ ತಲೆ ಕೊಡುತ್ತಾಳೆ.

ಜಗಳೂರು ಬಂದದ್ದು ಗಂಗೋತ್ರಿಯಿಂದ. ಮೂರು ಪಂದ್ಯದಲ್ಲಿ ಅವಳನ್ನು ದಾಟಿ ಒಂದೂ ಗೋಲು ಆಗಿಲ್ಲ. ಪಂದ್ಯ ಮುಗಿದ ಮೇಲೆ ನಲ್ಲಿಯ ಹತ್ತಿರ ಮೊಣಕೈ ತೊಳೆಯುತ್ತ ನಿಂತಿದ್ದಳು. ಉರಿಯುವುದಿಲ್ಲವೇ ಎಂದು ಕೇಳಿದೆ.

"ರಾತ್ರಿ ಉರೀತೈತೆ ಮೇಡಂ. ಆಡಾಕೆ ಬಂದಾಗ ಗೊತ್ತಾಗಲ್ಲ."

"ಮುಂದೇನು ಮಾಡಬೇಕು ಅಂತಿದ್ದೀಯ?"

"ಬಿಪಿಎಡ್ ಮಾಡಬೇಕ್ರಿ. ಪಿಟಿ ಟೀಚರ್ ಆಗಬೇಕು. ಯೂನಿವರ್ಸಿಟಿ ಟೀಮ್‌ನಾಗೆ ಆಡಿದ್ರೆ ಕ್ರೀಡಾ ಕೋಟಾದಾಗೆ ಸೀಟು ಸಿಗ್ತೈತಂತೆ. ನಂದು ಕೊನೇ ಸೆಮಿಸ್ಟರ್. ಇದೊಂದೇ ಸಲ."

ಒಳ್ಳೆಯದಾಗಲಿ ಎಂದೆ. ಅವಳು ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿದಳು.


ಜನವರಿ 29, ಗುರುವಾರ

ಇಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಫೈನಲ್ ಪಂದ್ಯದ ತಯಾರಿ. ಗೆಲ್ಲುವ ತಯಾರಿಯಲ್ಲ.

"ಕಾಲೇಜಿಗೆ ಗ್ರೇಡ್ ಕೊಡಾಕೆ ನ್ಯಾಕ್‌ನೋರು ಬರ್ತಾರೆ ಮೇಡಂ. ಕಪ್ಪಿಗೆ ಪಾಯಿಂಟ್ ಇಲ್ಲ. ಯೂನಿವರ್ಸಿಟಿ ಪ್ಲೇಯರ್ ಇದ್ರೆ ಪಾಯಿಂಟ್ ಐತೆ. ಅಂದ್ಮೇಲೆ ನಮಗೆ ಏನು ಬೇಕು?" ಎಂದು ಪ್ರಿನ್ಸಿಪಾಲರು ಕೇಳಿದರು.

"ಸೋಲು," ಎಂದರು ಪರಶುರಾಮ್, ಕವಾಯತಿನ ದನಿಯಲ್ಲಿ.

"ನಿಮ್ಮ ರೂಲ್‌ನಿಂದ ನಮಗೆ ಭಾಳ ಅನುಕೂಲ ಆತು ಮೇಡಂ. ಮೊದ್ಲೇ ಯೋಚನೆ ಮಾಡಿದ್ರಿ ಅನ್ಸುತ್ತೆ," ಎಂದರು ಪ್ರಿನ್ಸಿಪಾಲರು.

ನಾನು ದೂರದೃಷ್ಟಿಯುಳ್ಳವಳು ಎಂದು ನನಗೇ ಗೊತ್ತಿರಲಿಲ್ಲ. ಒಂದೇ ತೊಡಕೆಂದರೆ ಅಷ್ಟೇ ಬುದ್ಧಿ ಜಗಳೂರಿನವರಿಗೂ ಇದೆಯಂತೆ. ಭೀಮೇಶರೂ ಹುಡುಗಿಯರಿಗೆ ಸೋಲಲು ಹೇಳಿದ್ದಾರೆಂದು ಪರಶುರಾಮ್‌ಗೆ ಸುದ್ದಿ ಬಂದಿದೆ. ಅವರಿಗೆ ಸಿಟ್ಟು ನೆತ್ತಿಗೇರಿತ್ತು. "ಎಂಥ ಮೋಸ ನೋಡ್ರಿ ಮೇಡಂ! ಸ್ವಲ್ಪನೂ ಕ್ರೀಡಾ ಮನೋಭಾವ ಇಲ್ಲ!"

ನಾನು ಏನೋ ಒಂದು ಚಟಾಕಿ ಹಾರಿಸಿದೆ, ಎಲ್ಲರೂ ನಕ್ಕರು. ಏನೆಂದು ಈಗ ನೆನಪಿಲ್ಲ.


ಫೆಬ್ರವರಿ 1, ಭಾನುವಾರ

ನಡೆದದ್ದನ್ನು ಬರೆದಿಡುತ್ತೇನೆ. ಹೊನ್ನಾಳಿ ಮೈದಾನದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಕಪ್ಪಿನ ಪಕ್ಕದಲ್ಲಿ ಅಂತರಘಟ್ಟಮ್ಮನವರ ಹಾರ ಹಾಕಿದ ಫೋಟೋ. ಜನ ಚೆನ್ನಾಗಿ ಸೇರಿದ್ದರು.

ಮೊದಲರ್ಧದಲ್ಲಿ ಚೆಂಡು ಮಧ್ಯದ ಗೆರೆ ಬಿಟ್ಟು ಆಚೆ ಈಚೆ ಹೋಗಲಿಲ್ಲ. ಎರಡೂ ತಂಡದವರು ಅದನ್ನು ಒಬ್ಬರಿಗೊಬ್ಬರು ಬಲು ಮರ್ಯಾದೆಯಿಂದ ಬಿಟ್ಟುಕೊಡುತ್ತಿದ್ದರು. ನಮ್ಮವರು ಎದುರಾಳಿಗಳಿಗೆ ದಾರಿ ಬಿಟ್ಟು ನಿಂತರೆ ಅವರು ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ದಾನಿಗಳು ಪಕ್ಕದವರಿಗೆ, "ಎಷ್ಟು ಸಭ್ಯವಾಗಿ ಆಡ್ತಾವೆ ಹುಡುಗೀರು," ಎನ್ನುವುದು ಕೇಳಿಸಿತು. ಜನ ಮಾತ್ರ ಸೀಟಿ ಹೊಡೆಯತೊಡಗಿದರು.

ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಪರಶುರಾಮ್ ತಲೆ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅದು ಸನ್ನೆ. ದುರ್ಗಾಂಬಿಕಾ ಚೆಂಡಿನ ಮುಂದೆ ನಿಂತು ಒಮ್ಮೆ ಅವರ ಕಡೆ ನೋಡಿದಳು. ಅವರು ಮತ್ತೊಮ್ಮೆ ಟೋಪಿ ತೆಗೆದರು. ಅವಳು ತಿರುಗಿ ನಮ್ಮದೇ ಗೋಲಿಗೆ ಒದ್ದಳು. ನಮ್ಮ ಕೀಪರ್ ಪಕ್ಕಕ್ಕೆ ಸರಿದು ಆಕಾಶ ನೋಡಿದಳು. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಪರಶುರಾಮ್ ಸಂತೋಷದಿಂದ ಜಿಗಿದು, ಆಮೇಲೆ ನೆನಪಾಗಿ ತಲೆಯ ಮೇಲೆ ಕೈಯಿಟ್ಟುಕೊಂಡರು. ದುರ್ಗಾಂಬಿಕಾ ತಲೆ ಎತ್ತಲಿಲ್ಲ.

ಈಗ ಜಗಳೂರು ಒಂದು ಗೋಲು ಮುಂದೆ. ಹಾಗೇ ಮುಗಿದರೆ ಕಪ್ಪು ಜಗಳೂರಿಗೆ, ಶಿಬಿರ ನಮಗೆ. ಗಂಗೋತ್ರಿಗೆ ಶಿಬಿರ ಸಿಗಬೇಕಾದರೆ ಜಗಳೂರು ತನ್ನ ಗೋಲಿಗೆ ತಾನೇ ಎರಡು ಹೊಡೆದುಕೊಳ್ಳಬೇಕು. ಹನ್ನೊಂದರಲ್ಲಿ ಹತ್ತು ಹುಡುಗಿಯರು ಒಟ್ಟಿಗೆ ಹಿಂದಕ್ಕೆ ತಿರುಗಿದರು. ನಮ್ಮವರು ಆಟ ಮತ್ತೆ ಶುರು ಮಾಡಿದ ಕೂಡಲೇ ಚೆಂಡನ್ನು ಎಂದಿನ ಮರ್ಯಾದೆಯಿಂದ ಅವರಿಗೇ ಬಿಟ್ಟುಕೊಟ್ಟಿದ್ದರು. ತಡೆದರೆ ನಮಗೇ ಲಾಭವಿದ್ದರೂ ನಮ್ಮವರು ಯಾರೂ ಅಡ್ಡ ಹೋಗಲಿಲ್ಲ, ನಿಂತು ನೋಡಿದರು. ನಾಯಕಿ ಅಂಜಿನಮ್ಮ ಮೊದಲು ಒದ್ದಳು.

ಗಂಗೋತ್ರಿ ತಡೆದಳು.

ಭೀಮೇಶ್ ಗೆರೆಯ ಹತ್ತಿರ ಓಡಿದರು. ಅಷ್ಟು ಮೆತ್ತಗಿನ ಮನುಷ್ಯ ಗಂಟಲು ಹರಿಯುವ ಹಾಗೆ ಕೂಗಿದರು. "ಬಿಡೇ ಗಂಗೋತ್ರಿ! ಬಿಟ್ಟುಬಿಡು!"

ಮತ್ತೆ ಒದ್ದರು. ಮತ್ತೆ ತಡೆದಳು. ತನ್ನವರೇ ಒದ್ದ ಚೆಂಡು, ಕೈ ಹಚ್ಚುವಂತಿಲ್ಲ. ಕಾಲು, ಮೊಣಕಾಲು, ಎದೆ, ಒಂದು ಸಲ ಮುಖ. ಮೂಗಿನಿಂದ ರಕ್ತ ಬಂತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡು ಮತ್ತೆ ಎರಡು ಕಂಬದ ನಡುವೆ ನಿಂತಳು. ಜನ ನಗುವುದು ಯಾವಾಗ ನಿಂತಿತೋ ಗೊತ್ತಿಲ್ಲ. ನಾನು ಗೆರೆಯ ಹತ್ತಿರ ಹೇಗೆ ಹೋದೆನೋ ಅದೂ ಗೊತ್ತಿಲ್ಲ. "ಕೈ ಹಚ್ಚಬೇಡ! ಕಾಲು ಕೊಡು! ಬಲಕ್ಕೆ, ಬಲಕ್ಕೆ!" ಎಂದು ಕೂಗುತ್ತಿದ್ದೆನಂತೆ. ಶರಣು ಬಂದು, "ಮೇಡಂ, ಕೂತ್ಕೊಳ್ರಿ, ದಾನಿಗಳು ನೋಡ್ತಾವ್ರೆ," ಎಂದ. ನನ್ನ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಅಂಜಿನಮ್ಮ ಅಳುತ್ತಿದ್ದಳು. "ನಿನಗೋಸ್ಕರಾನೇ ಕಣೇ ಹೊಡೀತಿರೋದು! ನಿನ್ನ ಕಾಲಿಗೆ ಬೀಳ್ತೀನಿ, ಬಿಡೇ!"

"ಹೊರಗೆ ಕಳಿಸಿಬಿಡು ನನ್ನ, ಹೋಗ್ತೀನಿ," ಎಂದಳು ಗಂಗೋತ್ರಿ. "ಇಲ್ಲಿ ನಿಂತ್ಕೊಂಡು ಬಿಡಾಕೆ ಬರಲ್ಲ ನಂಗೆ."

ಯಾರೂ ಅವಳನ್ನು ಹೊರಗೆ ಕಳಿಸಲಿಲ್ಲ. ಅಂಜಿನಮ್ಮ ಇನ್ನೊಂದು ಸಲ ಒದೆಯಲು ಕಾಲೆತ್ತಿ, ಹಾಗೇ ಇಳಿಸಿ, ಚೆಂಡನ್ನು ಮೈದಾನದ ಹೊರಗೆ ತಳ್ಳಿದಳು. ಆಟ ಮುಗಿಯಿತು. ಒಂದು, ಸೊನ್ನೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಾನು ನೋಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಆಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಸಮಿತಿ. ತಿಪ್ಪೇಶಪ್ಪನವರು ಕನ್ನಡಕ ಹಾಕಿಕೊಂಡರು.

"ನಿಯಮದ ಪ್ರಕಾರ ಬೆಸ್ಟ್ ಪ್ಲೇಯರ್ ನ್ಯಾಮತಿಗೆ. ಯಾರ ಹೆಸರು ಹಾಕೋಣ?"

"ದುರ್ಗಾಂಬಿಕಾ," ಎಂದ ಶರಣು. "ಫೈನಲ್‌ನಾಗೆ ಗೋಲು ಹೊಡೆದೋಳು ಅವಳೊಬ್ಬಳೇ ಅಲ್ವೇನ್ರಿ?"

ಭೀಮೇಶ್ ಮೊದಲು ಸಹಿ ಹಾಕಿದರು. "ಹೇಳಿದ ಮಾತು ಕೇಳಲಿಲ್ಲ ಹುಡ್ಗಿ. ನಾನೇನು ಮಾಡ್ಲಿ," ಎಂದರು.

ನಾನು ಹೇಳಿದೆ. "ಗಂಗೋತ್ರಿಗೆ ಕೊಡಬೇಕು. ಅವಳೇ ಅತ್ಯುತ್ತಮ ಆಟಗಾರ್ತಿ."

ತಿಪ್ಪೇಶಪ್ಪನವರು ನಕ್ಕರು. "ಶುರು ಹಚ್ಕೊಂಡ್ರು ನೋಡ್ರಿ ಮೇಡಂ."

"ಇಲ್ಲ ಸರ್, ನಿಜವಾಗಿ ಹೇಳ್ತಿದ್ದೀನಿ. ಈ ನಿಯಮ ತಪ್ಪು."

"ನಿಮ್ದೇ ನಿಯಮ, ನಿಮ್ದೇ ಕಾಲೇಜು, ನೀವೇ ಬ್ಯಾಡ ಅಂತೀರಾ!" ಶರಣು ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಖ ಹೆಂಗೆ ಗಟ್ಟಿ ಇಟ್ಕೊಂಡವ್ರೆ ನೋಡ್ರಿ ಸರ್!"

ಮೂರನೇ ಸಲ ಹೇಳಿದೆ. ನಗು ಇನ್ನೂ ಜೋರಾಯಿತು. ಹೊರಗೆ ಮೈಕಿನಲ್ಲಿ ಗಣ್ಯರ ಹೆಸರು ಕರೆಯುತ್ತಿದ್ದರು. ಭೀಮೇಶ್ ಒಬ್ಬರು ನಗದೆ ನನ್ನ ಮುಖವನ್ನೇ ನೋಡುತ್ತಿದ್ದರು. ತಿಪ್ಪೇಶಪ್ಪನವರು ಪೆನ್ನು ನನ್ನ ಕೈಗಿಟ್ಟು ಬೆನ್ನು ತಟ್ಟಿದರು. ನಾನೂ ನಕ್ಕೆ. ಸಹಿ ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ಗಂಗೋತ್ರಿ ಸಿಕ್ಕಳು. ಮೂಗಿಗೆ ಹತ್ತಿ ಇಟ್ಟುಕೊಂಡಿದ್ದಳು. ಕಪ್ಪು ಅಂಜಿನಮ್ಮನ ಮಡಿಲಲ್ಲಿತ್ತು.

"ನೀನೇ ಅತ್ಯುತ್ತಮ ಆಟಗಾರ್ತಿ," ಎಂದೆ.

ಅವಳು ಎದ್ದು ನಿಂತು ಮಾತಾಡಿದಳು, ಮರ್ಯಾದೆಗೆ. "ತಮಾಷೆ ಮಾಡಬ್ಯಾಡ್ರಿ ಮೇಡಂ. ಈ ರೂಲ್ ಮಾಡಿದ್ದು ನೀವೇ ಅಂತ ಗ್ರೂಪ್‌ನಾಗೆ ಐತೆ."

ದಾವಣಗೆರೆ ಬಸ್ಸು ಬಂತು. ಹತ್ತಿದರು.


ಫೆಬ್ರವರಿ 2, ಸೋಮವಾರ

ಹುಷಾರಿಲ್ಲವೆಂದು ರಜೆ ಹಾಕಿದೆ. ಸುಳ್ಳಲ್ಲ.


ಫೆಬ್ರವರಿ 5, ಗುರುವಾರ

ಕಾಲೇಜಿನಲ್ಲಿ ದುರ್ಗಾಂಬಿಕಾಳಿಗೆ ಸನ್ಮಾನ. ಶಾಲು, ಹಾರ, ಪೇಟ. ಪೇಟ ದೊಡ್ಡದಾಗಿ ಕಿವಿಯವರೆಗೂ ಇಳಿದಿತ್ತು. ಪ್ರಿನ್ಸಿಪಾಲರು ಕಾಲೇಜಿನ ಕೀರ್ತಿಯ ಬಗ್ಗೆ ಮಾತಾಡಿದರು, ಪರಶುರಾಮ್ ಪರಿಶ್ರಮದ ಬಗ್ಗೆ. ಆಮೇಲೆ, "ಈಗ ನಮ್ಮ ಸುನಿತಾ ಮೇಡಂ ನಾಲ್ಕು ಮಾತು. ಎಲ್ಲರೂ ನಗಾಕೆ ರೆಡಿ ಆಗ್ರಿ," ಎಂದು ಪ್ರಿನ್ಸಿಪಾಲರು ನನ್ನನ್ನು ಕರೆದರು.

ಮೈಕಿನ ಮುಂದೆ ನಿಂತು ಹೇಳಿದೆ. ಈ ಪ್ರಶಸ್ತಿ ನಮ್ಮದಲ್ಲ, ಜಗಳೂರಿನ ಗಂಗೋತ್ರಿಯದು. ನಾವು ಸೋಲಲೆಂದೇ ಆಡಿದೆವು. ಆ ನಿಯಮ ನನ್ನ ಬಾಯಿಂದ ಬಂದದ್ದು, ಆಯ್ಕೆಗೆ ಸಹಿ ಹಾಕಿದ್ದು ನಾನು. ನಾನು ಸಹಿ ಹಾಕದಿದ್ದರೆ ಅದು ಆಗುತ್ತಿರಲಿಲ್ಲ.

ಒಂದೊಂದು ವಾಕ್ಯಕ್ಕೂ ಸಭೆ ನಕ್ಕಿತು. ಕೊನೆಯ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡು, "ಇವರನ್ನ ಬಿಟ್ರೆ ಇಲ್ಲ," ಎಂದರು. ನಾನು ಬಂದು ಕೂತೆ.

ಸಂಜೆ ಸವಳಂಗದ ಬಸ್ಸಿನಲ್ಲಿ ದುರ್ಗಾಂಬಿಕಾ ಬಂದು ನನ್ನ ಪಕ್ಕ ಕೂತಳು. ಎಂದೂ ಕೂರುವವಳಲ್ಲ. ಶಾಲನ್ನು ಮಡಿಸಿ ಚೀಲದೊಳಗೆ ತುರುಕಿದ್ದಳು. ಬಸ್ಸು ಹೊರಟ ಮೇಲೆ ಬಾಯಿ ಬಿಟ್ಟಳು.

"ಮೇಡಂ, ನೀವು ಸ್ಟೇಜ್ ಮ್ಯಾಲೆ ಹೇಳಿದ್ದು ನಿಜ ಅಲ್ವೇನ್ರಿ?"

"ಹೌದು."

"ತಮಾಷೆ ಅಲ್ಲ?"

"ಅಲ್ಲ."

"ಮತ್ತೆ ಸಹಿ ಯಾಕೆ ಹಾಕಿದ್ರಿ ಮೇಡಂ?"

ಏನೇನೋ ಹೇಳಬಹುದಿತ್ತು. "ಎಲ್ಲರೂ ನಗ್ತಾ ಇದ್ರು," ಎಂದೆ.

"ನಾನು ಆ ಗೋಲು ಹೊಡೆದಾಗ್ಲೂ ಎಲ್ರೂ ನಗ್ತಾ ಇದ್ರು ಮೇಡಂ," ಎಂದಳು.

ಅವಳ ಕೈ ಹಿಡಿದುಕೊಂಡೆ. ಸವಳಂಗ ಬರುವವರೆಗೂ ಬಿಡಲಿಲ್ಲ.


ಫೆಬ್ರವರಿ 6, ಶುಕ್ರವಾರ

ನಾಳೆ ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ. ಶಿಬಿರ ಇನ್ನೂ ಶುರುವಾಗಿಲ್ಲ. ನನ್ನ ಸಹಿ ವಾಪಸ್ ತೆಗೆದುಕೊಳ್ಳಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಹೇಳಿದೆ. ಮೊದಲು ನಕ್ಕರು. ನಾನು ನಗದೆ ಅದನ್ನೇ ಇನ್ನೊಮ್ಮೆ ಹೇಳಿದೆ. ಅವರು ಫೋನ್ ಇಟ್ಟುಬಿಟ್ಟರು.

ದುರ್ಗಾಂಬಿಕಾಳೂ ಬರುತ್ತಾಳೆ. ನಾನು ಕರೆಯಲಿಲ್ಲ, ಅವಳೇ ಮನೆಗೆ ಬಂದು ಹೇಳಿದಳು. ನಿನಗೆ ನಷ್ಟವಾಗುತ್ತದೆ ಎಂದೆ. ನಂಗಿನ್ನೂ ಎರಡು ವರ್ಷ ಐತೆ ಮೇಡಂ ಎಂದಳು. ಅಲ್ಲಿ ಏನು ಹೇಳಬೇಕೆಂದು ಇಬ್ಬರೂ ಅಡುಗೆಮನೆಯಲ್ಲಿ ಕೂತು ಯೋಚಿಸಿದೆವು. ನಾನು ಪೀಠಿಕೆ ಹಾಕಲು ಹೋದೆ.

"ಪೀಠಿಕೆ ಬ್ಯಾಡ ಮೇಡಂ," ಎಂದಳು. "ಮೊದ್ಲು ಅವಳ ಹೆಸರು ಹೇಳ್ರಿ."